ತೈಲ ಬಾವಿಯಲ್ಲಿ ಮೊದಲ ಕೆಲಸ: ಗದಗಿನ ಐಟಿಐ ಫಿಟ್ಟರ್‌ಗೆ ದಾರಿ ಯಾವುದು?

ಪ್ರಶ್ನೆ: ಬೆಟಗೇರಿ ಫಿಟ್ಟರ್

ಎಲ್ಲರಿಗೂ ನಮಸ್ಕಾರ. ನನ್ನ ವಯಸ್ಸು 22. ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐ ಫಿಟ್ಟರ್ ಮುಗಿಸಿ, ಅಪ್ರೆಂಟಿಸ್‌ಶಿಪ್ ಮಾಡದೆ, ನೇರವಾಗಿ ಬೋರ್‌ವೆಲ್ ಗಾಡಿಯೊಂದರಲ್ಲಿ ಹೆಲ್ಪರ್ ಆಗಿ ಸೇರಿಕೊಂಡೆ. ರಾಡ್ ಜೋಡಿಸುವುದು, ಬಿಟ್ ಬದಲಿಸುವುದು, ಕೇಸಿಂಗ್ ಇಳಿಸುವುದು, ಕಂಪ್ರೆಸರ್ ನೋಡಿಕೊಳ್ಳುವುದು ಎಲ್ಲವೂ ಕೈಗೆ ಹತ್ತಿವೆ. ಆದರೆ ಮಳೆ ಹಿಡಿದರೆ ಎರೆ ಹೊಲಕ್ಕೆ ಗಾಡಿ ಇಳಿಯುವುದಿಲ್ಲ. ಗಾಡಿ ನಿಂತರೆ ಪಗಾರವೂ ಇಲ್ಲ. ಕೊರೆಯುವ ಕೆಲಸ ಗೊತ್ತಿರುವುದರಿಂದ ತೈಲ ಬಾವಿಯ ರಿಗ್‌ನಲ್ಲಿ ಕೆಳಹಂತದ ಕೆಲಸವಾದರೂ ಸಿಕ್ಕೀತೇ ಎಂಬುದು ನನ್ನ ಮೊದಲ ಪ್ರಶ್ನೆ.

ಇನ್ನೊಂದು ವಿಷಯ. ಹುಬ್ಬಳ್ಳಿಯ ಏಜೆಂಟರೊಬ್ಬರು ಕುವೈತ್‌ನ ರಿಗ್‌ನಲ್ಲಿ ರೌಸ್ಟಬೌಟ್, ಅಂದರೆ ಕೆಳಹಂತದ ಆಳಿನ, ಕೆಲಸ ಕೊಡಿಸುವುದಾಗಿ ಹೇಳಿ ಒಂದೂವರೆ ಲಕ್ಷ ರೂಪಾಯಿ ಕೇಳುತ್ತಿದ್ದಾರೆ. ಮೊದಲು ವಿಸಿಟ್ ವೀಸಾದಲ್ಲಿ ಹೋಗಬೇಕು, ಅಲ್ಲಿ ಇಳಿದ ಮೇಲೆ ಅದನ್ನು ಕೆಲಸದ ವೀಸಾ ಮಾಡಿಸಿಕೊಡುತ್ತೇವೆ ಎನ್ನುತ್ತಾರೆ. ಮನೆಯಲ್ಲಿ ಸಾಲ ತೆಗೆಯಲು ಒಪ್ಪಿದ್ದಾರೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಧಾರವಾಡದ ಹಳೆಯ ರಿಗ್‌ಮನ್

ತಮ್ಮಾ, ಸಾಲದ ಮಾತನ್ನು ಸದ್ಯಕ್ಕೆ ಬದಿಗಿಡು. ಗುತ್ತಿಗೆ ಕಂಪನಿಗಳ ಮೂಲಕ ಗುಜರಾತಿನ ಮೆಹಸಾಣಾದಲ್ಲಿಯೂ ಮುಂಬೈ ಕಡಲಿನಲ್ಲಿಯೂ ದುಡಿದ ಅನುಭವದಿಂದ ಹೇಳುತ್ತಿದ್ದೇನೆ.

ಕರ್ನಾಟಕದಲ್ಲಿ ತೈಲ ಕ್ಷೇತ್ರಗಳಿಲ್ಲ. ದೇಶದ ನೆಲದ ಮೇಲಿನ ಕ್ಷೇತ್ರಗಳು ಮುಖ್ಯವಾಗಿ ಅಸ್ಸಾಂ, ಗುಜರಾತ್, ರಾಜಸ್ಥಾನದ ಬಾರ್ಮೇರ್ ಹಾಗೂ ಆಂಧ್ರದ ರಾಜಮಹೇಂದ್ರಿಯ ಸುತ್ತಮುತ್ತ ಇವೆ. 1974ರಲ್ಲಿ ಪತ್ತೆಯಾದ ಮುಂಬೈ ಹೈ, ಮುಂಬೈ ತೀರದಿಂದ ಸುಮಾರು 160 ಕಿ.ಮೀ. ದೂರದ ಸಮುದ್ರದಲ್ಲಿದೆ. ಇಲ್ಲಿ ಒಂದು ಕಹಿ ಸಂಗತಿಯನ್ನು ತಿಳಿದುಕೊಳ್ಳಬೇಕು: ನೆಲದ ಕ್ಷೇತ್ರಗಳಲ್ಲಿ ಕೌಶಲ ಬೇಡದ ಕೂಲಿ ಕೆಲಸವನ್ನು ಗುತ್ತಿಗೆದಾರರು ಸಾಮಾನ್ಯವಾಗಿ ಅಕ್ಕಪಕ್ಕದ ಹಳ್ಳಿಗಳವರಿಗೇ ಕೊಡುತ್ತಾರೆ, ಭೂಮಿ ಕೊಟ್ಟವರು ಸುಮ್ಮನಿರುವುದಿಲ್ಲವಾದ್ದರಿಂದ ಕೊಡಲೇಬೇಕಾಗುತ್ತದೆ. ಆದುದರಿಂದ ಗದಗಿನಿಂದ ಹೋದ ಹುಡುಗನನ್ನು ಬರಿಯ ಹೆಲ್ಪರ್ ಎಂದು ಯಾರೂ ಕರೆದು ಕೂರಿಸಿಕೊಳ್ಳುವುದಿಲ್ಲ. ಫಿಟ್ಟರ್, ವೆಲ್ಡರ್, ರಿಗ್ಗರ್ (ಭಾರ ಎತ್ತಿ ಕೂರಿಸುವವನು), ಡೀಸೆಲ್ ಮೆಕ್ಯಾನಿಕ್, ಎಲೆಕ್ಟ್ರಿಷಿಯನ್ ಎಂಬ ಒಂದು ಕಸುಬಿನ ಹೆಸರಿನಲ್ಲಿಯೇ ನೀನು ಒಳಗೆ ಹೋಗಬೇಕು. ನಿನ್ನ ಕೈಯಲ್ಲಿರುವ ಫಿಟ್ಟರ್ ಪ್ರಮಾಣಪತ್ರಕ್ಕೆ ಬೋರ್‌ವೆಲ್ ಅನುಭವಕ್ಕಿಂತ ಹೆಚ್ಚು ಬೆಲೆಯಿದೆ.

ಬೋರ್‌ವೆಲ್ ಅನುಭವ ವ್ಯರ್ಥವೆಂದು ಹೇಳುತ್ತಿಲ್ಲ. ಎತ್ತರ, ಸದ್ದು, ಭಾರದ ಪೈಪು, ರಾತ್ರಿ ಕೆಲಸ ಇವುಗಳಿಗೆ ನೀನು ಹೆದರುವುದಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಆದರೆ ಎರಡೂ ಕಡೆ ಕೊರೆಯುವ ಕ್ರಮವೇ ಬೇರೆ. ನಿಮ್ಮ ಗಾಡಿಯಲ್ಲಿ ಕಂಪ್ರೆಸರ್ ಗಾಳಿಯೇ ಹ್ಯಾಮರನ್ನು ಬಡಿಸಿ, ಕಲ್ಲಿನ ಪುಡಿಯನ್ನು ಮೇಲಕ್ಕೆ ಊದುತ್ತದೆ. ತೈಲ ಬಾವಿಯಲ್ಲಿ ಮಡ್ ಎಂದು ಕರೆಯುವ, ರಾಸಾಯನಿಕ ಬೆರೆಸಿದ ಭಾರವಾದ ಕೆಸರನ್ನು ಪೈಪಿನೊಳಗಿಂದ ಕೆಳಕ್ಕೆ ಪಂಪು ಮಾಡುತ್ತಾರೆ. ಅದು ಬಿಟ್ಟಿನ ತೂತುಗಳಿಂದ ಹೊರಬಿದ್ದು ಪೈಪಿನ ಹೊರಬದಿಯಿಂದ ಪುಡಿಯನ್ನು ಹೊತ್ತು ಮೇಲೆ ಬರುತ್ತದೆ. ಆ ಮಡ್‌ನ ಭಾರವೇ ಆಳದ ಗ್ಯಾಸಿನ ಒತ್ತಡವನ್ನು ತಡೆದು ನಿಲ್ಲಿಸುವುದು. ಭಾರ ಸಾಲದಾದರೆ ಗ್ಯಾಸ್ ನುಗ್ಗಿ ಬರುತ್ತದೆ. ಆಗ ಬಾವಿಯ ಬಾಯಿ ಮುಚ್ಚಲು ಬಿಒಪಿ ಎಂಬ ದೊಡ್ಡ ವಾಲ್ವ್‌ಗಳ ಜೋಡಣೆ ಇರುತ್ತದೆ. ಸಂದರ್ಶನದಲ್ಲಿ ‘ನನಗೆ ಡ್ರಿಲ್ಲಿಂಗ್ ಗೊತ್ತು’ ಎಂದು ಎದೆ ತಟ್ಟಿಕೊಳ್ಳುವುದಕ್ಕಿಂತ ಈ ವ್ಯತ್ಯಾಸವನ್ನು ನಾಲ್ಕು ಮಾತಿನಲ್ಲಿ ಹೇಳಿದರೆ ಎದುರಿಗೆ ಕುಳಿತವರು ಗಮನಿಸುತ್ತಾರೆ.

ರೌಸ್ಟಬೌಟ್ ಎಂದರೆ ಕೊರೆಯುವವನಲ್ಲ. ಡೆಕ್ ತೊಳೆಯುವುದು, ತುಕ್ಕು ಕೆರೆದು ಬಣ್ಣ ಬಳಿಯುವುದು, ಕ್ರೇನಿಗೆ ಸ್ಲಿಂಗ್ ಹಾಕುವುದು, ಮಡ್‌ಗೆ ಬೇಕಾದ ಚೀಲಗಳನ್ನು ಹೊರುವುದು ಇದೇ ಅವನ ದಿನಚರಿ. ಅಲ್ಲಿಂದ ಮೇಲೆ ಫ್ಲೋರ್‌ಮನ್, ಡೆರಿಕ್‌ಮನ್, ಅಸಿಸ್ಟೆಂಟ್ ಡ್ರಿಲ್ಲರ್, ಡ್ರಿಲ್ಲರ್, ಟೂಲ್ ಪುಷರ್ ಎಂದು ಏಣಿ ಏರುತ್ತಾ ಹೋಗುತ್ತದೆ. ಪಾಳಿ 12 ಗಂಟೆಯದು. 14 ದಿನ ಕೆಲಸ, 14 ದಿನ ರಜೆ ಎಂಬ ಕ್ರಮವುಂಟು. ಗುತ್ತಿಗೆ ಕಂಪನಿಗಳಲ್ಲಿ 28 ದಿನಗಳದೂ ಉಂಟು. ಆದರೆ ಅನೇಕ ಗುತ್ತಿಗೆದಾರರು ಕೆಲಸದ ದಿನಗಳಿಗೆ ಮಾತ್ರ ಪಗಾರ ಕೊಡುತ್ತಾರೆ, ಆದ್ದರಿಂದ ದಿನದ ದರವನ್ನು 30ರಿಂದ ಗುಣಿಸಿ ಯಾರಾದರೂ ತಿಂಗಳ ಲೆಕ್ಕ ಹೇಳಿದರೆ ನಂಬಬೇಡ.

ಉತ್ತರ: ರಾಣೆಬೆನ್ನೂರಿನಿಂದ

ಏಜೆಂಟರ ಬಗ್ಗೆ ಮಾತ್ರ ಬರೆಯುತ್ತೇನೆ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಕಾನೂನುಬಾಹಿರ. ಸಿಕ್ಕಿಬಿದ್ದರೆ ಜೈಲಿಗೆ ಹೋಗುವವರು ತಾವು, ಏಜೆಂಟರಲ್ಲ. 1983ರ ವಲಸೆ ಕಾಯ್ದೆಯಂತೆ ವಿದೇಶಕ್ಕೆ ಆಳುಗಳನ್ನು ಕಳಿಸುವವರು ಕೇಂದ್ರ ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು, ಮತ್ತು ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ. ಒಂದೂವರೆ ಲಕ್ಷ ಕೇಳಿದರೆಂದರೆ ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿಯಿದೆ. ಹೆಸರು, ವಿಳಾಸ, ಲೈಸೆನ್ಸ್ ಸಂಖ್ಯೆ ಮೂರನ್ನೂ ತಾಳೆ ನೋಡಿ.

ತಾವು ಎಸ್ಸೆಸ್ಸೆಲ್ಸಿ ಪಾಸಾಗಿರುವುದರಿಂದ ತಮ್ಮ ಪಾಸ್‌ಪೋರ್ಟಿಗೆ ವಲಸೆ ಅನುಮತಿಯ ಅಗತ್ಯವಿರುವುದಿಲ್ಲ. ಇದನ್ನು ಅನುಕೂಲವೆಂದೇ ಎಲ್ಲರೂ ಹೇಳುತ್ತಾರೆ. ಆದರೆ ಹತ್ತನೆಯ ತರಗತಿ ಮುಗಿಸದವರ ಕರಾರುಪತ್ರವನ್ನು ಕಳಿಸುವ ಮೊದಲು ಅಧಿಕಾರಿಯೊಬ್ಬರು ನೋಡುತ್ತಾರೆ. ತಮ್ಮದನ್ನು ನೋಡುವವರು ಯಾರೂ ಇರುವುದಿಲ್ಲ, ತಾವೇ ನೋಡಿಕೊಳ್ಳಬೇಕು.

ಉತ್ತರ: ತಾರಿಹಾಳದ ವೆಲ್ಡರ್

ಹಿರಿಯರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಎಲ್ಲ ಕಂಪನಿಗಳೂ ‘ತೈಲ ಮತ್ತು ಅನಿಲ ಅನುಭವ’ ಕೇಳುತ್ತವೆ, ಅನುಭವವಿಲ್ಲದವರಿಗೆ ಅದನ್ನು ಕೊಡುವವರಿಲ್ಲ. ಈ ಗಂಟನ್ನು ನಮ್ಮ ಕಡೆಯವರು ಬಿಚ್ಚಿಕೊಳ್ಳುವುದು ಮಂಗಳೂರಿನಲ್ಲಿ. ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರದ ಘಟಕಗಳನ್ನು ದುರಸ್ತಿಗೆಂದು ನಿಲ್ಲಿಸುವ ಶಟ್‌ಡೌನ್ ಕಾಲದಲ್ಲಿ ಗುತ್ತಿಗೆದಾರರಿಗೆ ಕೆಲವು ವಾರಗಳ ಮಟ್ಟಿಗೆ ಫಿಟ್ಟರ್, ರಿಗ್ಗರ್, ಸ್ಕ್ಯಾಫೋಲ್ಡಿಂಗ್ ಕಟ್ಟುವವರು ಬಹಳ ಜನ ಬೇಕಾಗುತ್ತಾರೆ. ಅಲ್ಲಿ ಫ್ಲ್ಯಾಂಜ್ ಬಿಚ್ಚಿ ಗ್ಯಾಸ್ಕೆಟ್ ಬದಲಿಸುವುದು, ಬೋಲ್ಟ್‌ಗಳನ್ನು ಒಂದರ ಎದುರಿಗೊಂದರಂತೆ ಸಮನಾಗಿ ಬಿಗಿಯುವುದು, ವರ್ಕ್ ಪರ್ಮಿಟ್, ಅಂದರೆ ಆ ಕೆಲಸಕ್ಕೆ ಕೊಡುವ ಲಿಖಿತ ಅನುಮತಿ, ಇಲ್ಲದೆ ಸ್ಪ್ಯಾನರ್ ಮುಟ್ಟದಿರುವುದು ಇವನ್ನೆಲ್ಲ ಕಲಿಯುತ್ತೀರಿ. ಕೆಲಸ ಮುಗಿದ ದಿನವೇ ಗುತ್ತಿಗೆದಾರರಿಂದ ಅನುಭವ ಪತ್ರ ಬರೆಸಿಕೊಳ್ಳಿ. ಊರಿಗೆ ಬಂದ ಮೇಲೆ ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ. ವೆಲ್ಡಿಂಗ್‌ನಲ್ಲಿ ಆಸಕ್ತಿಯಿದ್ದರೆ, 45 ಡಿಗ್ರಿ ಓರೆಯಾಗಿ ನಿಲ್ಲಿಸಿದ ಪೈಪನ್ನು ತಿರುಗಿಸದೆ ಸುತ್ತಲೂ ಬೆಸೆಯುವ 6ಜಿ ಪರೀಕ್ಷೆಗೆ ಕೈ ಪಳಗಿಸಿಕೊಳ್ಳಿ. ಅದು ಕೈಗೆ ಬಂದವನನ್ನು ಯಾವ ಊರಿನವನೆಂದು ಕೇಳುವವರಿಲ್ಲ.

ಬೆಟಗೇರಿ ಫಿಟ್ಟರ್:

ಎಲ್ಲರಿಗೂ ಧನ್ಯವಾದಗಳು. ಏಜೆಂಟರಿಗೆ ಆಗುವುದಿಲ್ಲವೆಂದು ತಿಳಿಸಿದ್ದೇನೆ. ಅಣ್ಣಾ, ಹುಬ್ಬಳ್ಳಿಯ ಸಣ್ಣ ವರ್ಕ್‌ಶಾಪ್ ಒಂದರಲ್ಲಿ ಅಪ್ರೆಂಟಿಸ್ ಆಗಿ ಸೇರುವ ಅವಕಾಶವಿದೆ. ಸೇರಿಕೊಳ್ಳಲೇ? ಸಮುದ್ರದ ರಿಗ್‌ಗೆ ಬೇಕಾದ ತರಬೇತಿಯನ್ನೂ ಈಗಲೇ ಮುಗಿಸಿಕೊಳ್ಳಬೇಕೇ?

ಉತ್ತರ: ಧಾರವಾಡದ ಹಳೆಯ ರಿಗ್‌ಮನ್

ವರ್ಕ್‌ಶಾಪಿಗೆ ಅವಸರಪಡಬೇಡ. ಒಮ್ಮೆ ಅಪ್ರೆಂಟಿಸ್‌ಶಿಪ್ ಮುಗಿಸಿದವರನ್ನು ಬೇರೆಡೆ ಮತ್ತೆ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುವುದಿಲ್ಲ. ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿ ಅಪ್ರೆಂಟಿಸ್‌ಗಳನ್ನು 18ರಿಂದ 24ರ ವಯಸ್ಸಿನೊಳಗೆ, ಐಟಿಐ ಅಂಕಗಳ ಆಧಾರದ ಮೇಲೆ ಆರಿಸುತ್ತದೆ. ನಿನಗೆ ಇನ್ನೂ ಕಾಲಾವಕಾಶವಿದೆ. ಅದರಿಂದ ಕಾಯಂ ನೌಕರಿ ಸಿಗುತ್ತದೆಂಬ ಭರವಸೆಯಿಲ್ಲ, ಆದರೆ ಗುತ್ತಿಗೆ ಕಂಪನಿಗಳು ಆ ಪತ್ರವನ್ನು ಗೌರವಿಸುತ್ತವೆ. ಪ್ರಕಟಣೆಯನ್ನು ಕಂಪನಿಯ ಸ್ವಂತ ಜಾಲತಾಣದಲ್ಲಿ ಮಾತ್ರ ನೋಡು; ವಾಟ್ಸಾಪಿನಲ್ಲಿ ಬರುವ ನೇಮಕಾತಿ ಪತ್ರಗಳಿಗೆ ಬೆಲೆಯಿಲ್ಲ.

ಸಮುದ್ರದ ತರಬೇತಿಯನ್ನು ಈಗಲೇ ಕೈಯಿಂದ ಹಣ ಹಾಕಿ ಮಾಡಬೇಡ. ಸಮುದ್ರದ ರಿಗ್‌ಗೆ ಹೋಗುವವರ ಸುರಕ್ಷತಾ ತರಬೇತಿಗೆ ಕೊಡುವ ಬೋಸಿಯೆಟ್ ಪ್ರಮಾಣಪತ್ರ ನಾಲ್ಕು ವರ್ಷ ಮಾತ್ರ ನಡೆಯುತ್ತದೆ. ಕೆಲಸ ಸಿಗುವುದರೊಳಗೆ ಅರ್ಧ ಅವಧಿ ಕಳೆದುಹೋಗಬಹುದು. ಕೆಲವು ಗುತ್ತಿಗೆದಾರರು ತಾವೇ ಖರ್ಚು ಹಾಕಿ ಕಳಿಸುತ್ತಾರೆ. ನಮಗೆ ಹತ್ತಿರದಲ್ಲಿ, ಗೋವಾದ ಬೇತೂಲ್‌ನಲ್ಲಿ, ಒಎನ್‌ಜಿಸಿಯದೇ ಸುರಕ್ಷತಾ ತರಬೇತಿ ಸಂಸ್ಥೆಯಿದೆ. ಇಂಥ ತರಬೇತಿಯಲ್ಲಿ ಹೆಲಿಕಾಪ್ಟರಿನ ಮಾದರಿ ಕೋಣೆಯಲ್ಲಿ ಬೆಲ್ಟ್ ಕಟ್ಟಿ ಕೂರಿಸಿ, ಕೊಳದಲ್ಲಿ ಮುಳುಗಿಸಿ ತಲೆಕೆಳಗು ಮಾಡುತ್ತಾರೆ. ಕಿಟಕಿಯ ಅಂಚನ್ನು ಕೈಯಲ್ಲಿ ಹಿಡಿದುಕೊಂಡು, ನೀರು ಪೂರ್ತಿ ತುಂಬಿದ ಮೇಲೆ ಬೆಲ್ಟ್ ಬಿಚ್ಚಿ ಹೊರಬರಬೇಕು. ಗಟ್ಟಿಮುಟ್ಟಾದ ಆಳುಗಳೂ ಅಲ್ಲಿ ಗಾಬರಿಯಾಗುವುದನ್ನು ನೋಡಿದ್ದೇನೆ. ಊರ ಬಾವಿಯಲ್ಲಿ ಈಜು ಕಲಿತಿದ್ದರೆ ನಿನಗೆ ಅಷ್ಟು ಕಷ್ಟವಾಗದು. ಇದನ್ನು ಬರಿಯ ಶಾಸ್ತ್ರವೆಂದು ತಿಳಿಯಬೇಡ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತಕ್ಕೆ ಸಿಕ್ಕಿ ಕಾರ್ಮಿಕರು ತಂಗಿದ್ದ ಪಿ-305 ಎಂಬ ಬಾರ್ಜ್ ಮುಳುಗಿದಾಗ ಹತ್ತಾರು ಕಾರ್ಮಿಕರು ಅದೇ ಕಡಲಿನಲ್ಲಿ ಜೀವ ಕಳೆದುಕೊಂಡರು.

ಈಗ ಮಾಡಬೇಕಾದದ್ದು ಕಾಗದಪತ್ರದ ಕೆಲಸ. ನಮ್ಮ ದೇಶದ ಕಾನೂನಿನಲ್ಲಿ ತೈಲ ಬಾವಿಯೂ ಗಣಿಯೇ ಆದುದರಿಂದ ಸೇರುವ ಮೊದಲು ವೈದ್ಯಕೀಯ ಪರೀಕ್ಷೆಯಿರುತ್ತದೆ. ಕಣ್ಣು, ಕಿವಿ, ರಕ್ತದೊತ್ತಡವನ್ನು ಒಮ್ಮೆ ತೋರಿಸಿಕೊಂಡು ಬಾ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗುವ ಮೊದಲು ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಐಟಿಐ ಪ್ರಮಾಣಪತ್ರ ಮೂರರಲ್ಲೂ ಹೆಸರು ಅಕ್ಷರಕ್ಕಕ್ಷರ ಒಂದೇ ಇದೆಯೇ ನೋಡು. ನಮ್ಮ ಕಡೆ ಒಂದರಲ್ಲಿ ತಂದೆಯ ಹೆಸರು ನಡುವೆ, ಇನ್ನೊಂದರಲ್ಲಿ ಅಡ್ಡಹೆಸರು ಮೊದಲಿಗೆ, ಮತ್ತೊಂದರಲ್ಲಿ ಬರಿಯ ಇನಿಷಿಯಲ್ ಇರುವುದು ಸಾಮಾನ್ಯ. ಗೇಟ್ ಪಾಸ್ ಮಾಡುವವರು ಇದೊಂದೇ ಕಾರಣಕ್ಕೆ ವಾಪಸು ಕಳಿಸುತ್ತಾರೆ.