ಸಹಾಯ ಬೇಕು: ಎಚ್‌ಎಂಟಿ ಜನತಾ ಕೈಗಡಿಯಾರದ ರಿಪೇರಿ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಬೆಂಗಳೂರಿನ ಸಂಡೇ ಬಜಾರಿನಲ್ಲಿ, ತುಕ್ಕು ಹಿಡಿದ ಬೀಗದ ಕೈಗಳ ರಾಶಿಯ ನಡುವೆ, ನನಗೊಂದು ಎಚ್‌ಎಂಟಿ ಜನತಾ ಕೈಗಡಿಯಾರ ಸಿಕ್ಕಿತು. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ 1961ರಲ್ಲಿ ನಮ್ಮ ಬೆಂಗಳೂರಿನಲ್ಲೇ ಗಡಿಯಾರ ತಯಾರಿಕೆ ಆರಂಭಿಸಿದ ಎಚ್‌ಎಂಟಿಯ, ದಿನವೂ ಕೀ ಕೊಡಬೇಕಾದ ಇದೇ ಮಾದರಿಯನ್ನು ನಮ್ಮ ತಂದೆಯವರು ಕೊನೆಯವರೆಗೂ ಕಟ್ಟಿಕೊಳ್ಳುತ್ತಿದ್ದರು. ಬೆಳಗಿನ ರೇಡಿಯೋ ವಾರ್ತೆಗೆ ಸಮಯ ಹೊಂದಿಸಿಕೊಂಡು ಅವರು ಎರಡು ಬೆರಳುಗಳಲ್ಲಿ ಮೆಲ್ಲಗೆ ಕೀ ತಿರುಗಿಸುವಾಗ ಬರುತ್ತಿದ್ದ ಕಿರ್ ಕಿರ್ ಸದ್ದು, ಇದನ್ನು ಕೈಗೆತ್ತಿಕೊಂಡೊಡನೆ ಕಿವಿಯಲ್ಲಿ ಮರುಕಳಿಸಿತು. ಅವರ ಗಡಿಯಾರ ನಾವು ಮನೆ ಬದಲಾಯಿಸುವಾಗ ಕಳೆದುಹೋಯಿತು, ಆ ನೋವು ಇನ್ನೂ ಇದೆ.

ಈಗ ಸಿಕ್ಕಿರುವುದು ಅರ್ಧ ಗಂಟೆ ನಡೆದು ನಿಲ್ಲುತ್ತದೆ. ಒಳಗಿನ ಎಣ್ಣೆ ಗಟ್ಟಿಯಾಗಿರಬಹುದೆಂದು ನನ್ನ ಊಹೆ. ಯಂತ್ರವನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಬಲ್ಲ, ಆದರೆ ಮಾಸಿದ ಡಯಲ್ಲಿಗೆ ಹೊಸ ಬಣ್ಣ ಬಳಿಯದ ನುರಿತ ರಿಪೇರಿಯವರು ಬೆಂಗಳೂರು ಅಥವಾ ತುಮಕೂರಿನಲ್ಲಿ ಇದ್ದರೆ ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.