ಸಾಕರ್ ‘ಪ್ರೋಗ್ರಾಂ’ಗೆ ಗರಡಿಯೋ, ಮೇಳವೋ?

ಗೆಳೆಯರೇ,

ನಮ್ಮ ಕನ್ನಡ ಕೂಟದ ಸಂಚಿಕೆಗೆಂದು ಅಮೆರಿಕದ ಕಾಲೇಜು ಹುಡುಗರ ಸಾಕರ್ (ನಮ್ಮ ಫುಟ್‌ಬಾಲ್) ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಒಂದು ಪದ ಕಾಲಿಗೆ ತೊಡರಿದೆ. ಇಂಡಿಯಾನಾ ವಿಶ್ವವಿದ್ಯಾಲಯದ ಸಾಕರ್ ‘ಪ್ರೋಗ್ರಾಂ’ ಎಂಟು ಸಲ ರಾಷ್ಟ್ರೀಯ ಚಾಂಪಿಯನ್ ಎನ್ನುತ್ತಾರೆ ಇಲ್ಲಿಯವರು. ನಿಘಂಟನ್ನು ನಂಬಿ ‘ಸಾಕರ್ ಕಾರ್ಯಕ್ರಮ’ ಎಂದು ಬರೆದೆ. ಕರಡು ಓದಿದ ನನ್ನ ಹೆಂಡತಿ, “ಎಷ್ಟು ಗಂಟೆಗೆ? ಊಟ ಇದೆಯಂತಾ?” ಎಂದಳು.

‘ತಂಡ’ ಎಂದರೆ ಸಾಲದು. ಆಟಗಾರ ನಾಲ್ಕೈದು ವರ್ಷಕ್ಕೆ ಓದು ಮುಗಿಸಿ ಹೊರಡುತ್ತಾನೆ. 1982ರಲ್ಲಿ ಗೆದ್ದ ಇಂಡಿಯಾನಾ ಹುಡುಗರಲ್ಲಿ ಒಬ್ಬನೂ 1998ರಲ್ಲಿ ಗೆದ್ದ ತಂಡದಲ್ಲಿಲ್ಲ. ಎರಡೂ ಸಲ ಇದ್ದವರು ಕೋಚ್ ಜೆರ್ರಿ ಯೀಗ್ಲಿ. ಕ್ಲಬ್ ಮಟ್ಟದಲ್ಲಿದ್ದ ಆಟಕ್ಕೆ 1973ರಲ್ಲಿ ವಿಶ್ವವಿದ್ಯಾಲಯದ ಅಧಿಕೃತ ತಂಡದ ಮಾನ್ಯತೆ ಸಿಕ್ಕಿತು. ಅಲ್ಲಿಂದ 2003ರವರೆಗೆ ಆರು ಪ್ರಶಸ್ತಿ ಗೆಲ್ಲಿಸಿ ಅವರು ನಿವೃತ್ತರಾದರು. ಮರುವರ್ಷ ಬೇರೆ ಕೋಚ್ ಬಂದರು, ಆಗಲೂ ಇಂಡಿಯಾನಾವೇ ಗೆದ್ದಿತು. ಶಿಷ್ಯರು ಹೋಗಿ, ಗುರುವೂ ಹೋದ ಮೇಲೆ ಉಳಿಯುತ್ತದಲ್ಲ, ಅದು ‘ಪ್ರೋಗ್ರಾಂ’.

ಇದಕ್ಕೆ ನನಗೆ ಮೊದಲು ಹೊಳೆದದ್ದು ‘ಗರಡಿ’. ಅಖಾಡದ ಮಣ್ಣು, ಉಸ್ತಾದ್, ಹಿಂದಿನವರ ಹೆಸರು, ‘ಇಂಥವರ ಗರಡಿಯಲ್ಲಿ ಪಳಗಿದವನು’ ಎಂಬ ಮಾತು, ಎಲ್ಲವೂ ಅದರಲ್ಲಿದೆ. ವರ್ಜೀನಿಯಾ 1991ರಿಂದ 1994ರವರೆಗೆ ಸತತ ನಾಲ್ಕು ವರ್ಷ ಗೆದ್ದದ್ದು ಬ್ರೂಸ್ ಅರೀನಾ ಅವರ ಗರಡಿಯಲ್ಲಿ ಎಂದರೆ ಕನ್ನಡಕ್ಕೆ ಸಲೀಸಾಗಿ ಕೂರುತ್ತದೆ. ಆದರೆ ಕರಾವಳಿಯ ಗೆಳೆಯರೊಬ್ಬರು ತಕರಾರು ತೆಗೆದರು: ತುಳುನಾಡಿನಲ್ಲಿ ಗರಡಿ ಎಂದರೆ ಕೋಟಿ ಚೆನ್ನಯರ ಗುಡಿ. ಅವರ ಆಯ್ಕೆ ‘ಮೇಳ’. ಯಕ್ಷಗಾನದ ಮೇಳದಲ್ಲೂ ಕಲಾವಿದರು ಬರುತ್ತಾರೆ, ಹೋಗುತ್ತಾರೆ, ಈ ವರ್ಷ ಇಲ್ಲಿದ್ದವರು ಮುಂದಿನ ತಿರುಗಾಟಕ್ಕೆ ಇನ್ನೊಂದು ಮೇಳ ಸೇರುತ್ತಾರೆ. ಮೇಳದ ಹೆಸರು ಮಾತ್ರ ಹಾಗೇ ಇರುತ್ತದೆ. ಈಗ ಕಾಲೇಜು ಆಟಗಾರರೂ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೀಗೇ ಜಿಗಿಯುವುದರಿಂದ ಹೋಲಿಕೆ ಚೆನ್ನಾಗಿದೆ. ಆದರೆ ಘಟ್ಟದ ಮೇಲಿನವರಿಗೆ ‘ಸಾಕರ್ ಮೇಳ’ ಎಂದರೆ ಪುಸ್ತಕ ಮೇಳ, ಉದ್ಯೋಗ ಮೇಳದ ಸಾಲಿಗೆ ಸೇರಿ, ಮತ್ತೆ “ಊಟ ಇದೆಯಾ?” ಎಂಬಲ್ಲಿಗೇ ಬರುತ್ತೇವೆ.

ಎರಡನೆಯ ತೊಡಕು ‘ವೆಕೇಟೆಡ್’, ಗೆದ್ದ ಪ್ರಶಸ್ತಿಯನ್ನು ಆಮೇಲೆ ದಾಖಲೆಯಿಂದ ತೆಗೆದಾಗ ಇಲ್ಲಿಯವರು ಬಳಸುವ ಪದ. ವಾಷಿಂಗ್ಟನ್ನಿನ ಹೋವರ್ಡ್, ಕಪ್ಪು ವಿದ್ಯಾರ್ಥಿಗಳ ಹೆಸರಾಂತ ವಿಶ್ವವಿದ್ಯಾಲಯ. ಟ್ರಿನಿಡಾಡ್ ಮೂಲದ ಕೋಚ್ ಲಿಂಕನ್ ಫಿಲಿಪ್ಸ್ ಅವರ ಹುಡುಗರು 1971ರ ಫೈನಲ್‌ನಲ್ಲಿ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯವನ್ನು 3–2ರಿಂದ ಸೋಲಿಸಿದರು. ಆಟಗಾರರ ಅರ್ಹತೆಯ ನಿಯಮ ಮುರಿದಿದೆ ಎಂದು ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ) ಆ ಪ್ರಶಸ್ತಿಯನ್ನು ವಾಪಸು ಪಡೆಯಿತು. 1974ರಲ್ಲಿ ಅದೇ ಹೋವರ್ಡ್ ಒಂದೂ ಪಂದ್ಯ ಸೋಲದೆ, ಅದೇ ಸೇಂಟ್ ಲೂಯಿಸನ್ನು ಹೆಚ್ಚುವರಿ ಅವಧಿಯಲ್ಲಿ 2–1ರಿಂದ ಮಣಿಸಿ ಲೆಕ್ಕ ಚುಕ್ತಾ ಮಾಡಿತು. ಸರಿ, 1971ರದು ‘ತೆರವಾದ’ ಪ್ರಶಸ್ತಿಯೇ? ನಮ್ಮಲ್ಲಿ ಶಾಸಕ ಸ್ಥಾನ ತೆರವಾದರೆ ಉಪಚುನಾವಣೆ ಬರುತ್ತದೆ, ಯಾರಾದರೂ ಬಂದು ಕೂರುತ್ತಾರೆ. ಇಲ್ಲಿ ಸೋತವರಿಗೂ ಅದು ದಕ್ಕಲಿಲ್ಲ, ಆ ವರ್ಷದ ಮನೆ ಖಾಲಿ. ‘ರದ್ದಾದ’ ಎಂದರೆ ಪಂದ್ಯವೇ ನಡೆಯಲಿಲ್ಲವೇನೋ ಎನಿಸುತ್ತದೆ. ‘ಕಿತ್ತುಕೊಂಡ’ ಎಂದು ಬರೆಯಲು ಕೈ ಹಾತೊರೆಯುತ್ತಿದೆ, ಆದರೆ ಅದು ಪಕ್ಷ ವಹಿಸಿದಂತೆ. ಸದ್ಯಕ್ಕೆ ‘ಅಸಿಂಧುಗೊಳಿಸಿದ’ ಎಂದು ಹಾಕಿದ್ದೇನೆ. ಕೋರ್ಟಿನ ವಾಸನೆ ಹೊಡೆಯುತ್ತಿದೆ.

‘ಜಂಟಿ ಚಾಂಪಿಯನ್’ಗೆ ತೊಂದರೆಯಿಲ್ಲ. 2002ರಲ್ಲಿ ಕೊಲಂಬೊದ ಮಳೆಯಲ್ಲಿ ಭಾರತ, ಶ್ರೀಲಂಕಾ ಕ್ರಿಕೆಟ್ಟಿನ ಚಾಂಪಿಯನ್ಸ್ ಟ್ರೋಫಿ ಹಂಚಿಕೊಂಡಾಗಲೇ ಆ ಪದ ನಮಗೆ ಒಗ್ಗಿದೆ. 1967ರಲ್ಲಿ ಸೇಂಟ್ ಲೂಯಿಸ್ ಮತ್ತು ಮಿಷಿಗನ್ ಸ್ಟೇಟ್‌ಗೂ ಹೀಗೇ ಹವಾಮಾನ ಕೈಕೊಟ್ಟು ಪ್ರಶಸ್ತಿ ಪಾಲಾಯಿತು. (ಸೇಂಟ್ ಲೂಯಿಸಿನ ಹತ್ತು ಪ್ರಶಸ್ತಿಗಳಲ್ಲಿ ಅದೂ ಒಂದು. ಒಂಬತ್ತೂವರೆ ಎನ್ನಬೇಕೇನೋ!)

ಮೈಸೂರು ಕಡೆಯವರು, ಮಂಗಳೂರು–ಉಡುಪಿ ಕಡೆಯವರು ಇಬ್ಬರೂ ಹೇಳಿ: ‘ಇಂಡಿಯಾನಾ ಗರಡಿ’ ಎಂದು ಓದಿದರೆ ನಿಮ್ಮ ಕಣ್ಣಿಗೆ ಏನು ಕಟ್ಟುತ್ತದೆ?