ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಕೀಮೋ ಏಕೆ?

ಪ್ರಶ್ನೆ: ನನ್ನ ಅಕ್ಕನಿಗೆ ಟ್ರಿಪಲ್ ನೆಗೆಟಿವ್ (ಎರಡು ಹಾರ್ಮೋನ್ ಗ್ರಾಹಕಗಳಾಗಲಿ, ಹೆಚ್ಚುವರಿ ಹರ್2 ಪ್ರೋಟೀನ್ ಆಗಲಿ ಇಲ್ಲದ ಬಗೆಯ) ಸ್ತನ ಕ್ಯಾನ್ಸರ್. ಕೀಮೋಥೆರಪಿ ಮುಗಿಸಿಯೇ ಶಸ್ತ್ರಚಿಕಿತ್ಸೆ ಮಾಡಿದ್ದರೂ, ತೆಗೆದ ಭಾಗದಲ್ಲಿ ಕ್ಯಾನ್ಸರ್ ಉಳಿದಿತ್ತೆಂದು ವರದಿ ಬಂದಿರುವುದರಿಂದ ವೈದ್ಯರು ಕ್ಯಾಪೆಸಿಟಬಿನ್ ಎಂಬ ಕೀಮೋ ಮಾತ್ರೆ ಸೂಚಿಸಿದ್ದಾರೆ. ಗಡ್ಡೆಯನ್ನೇ ತೆಗೆದ ಮೇಲೆ ಇದು ಅಗತ್ಯವೇ?

ಉತ್ತರ 1: ಮೊದಲ ಔಷಧಿಗೆ ಜಗ್ಗದ ಜೀವಕೋಶಗಳು ದೇಹದ ಬೇರೆಡೆ ಅಡಗಿರಬಹುದೆಂಬುದೇ ಇಲ್ಲಿನ ಆತಂಕ. 2017ರಲ್ಲಿ ಪ್ರಕಟವಾದ ಕ್ರಿಯೇಟ್-ಎಕ್ಸ್ ಅಧ್ಯಯನದಲ್ಲಿ, ಇಂಥವರಿಗೆ ಈ ಮಾತ್ರೆ ಕೊಟ್ಟಾಗ ರೋಗ ಮರುಕಳಿಸುವುದು ಕಡಿಮೆಯಾಗಿತ್ತು. ಲಾಭ ಟ್ರಿಪಲ್ ನೆಗೆಟಿವ್‌ನಲ್ಲೇ ಎದ್ದು ಕಂಡಿತ್ತು.

ಉತ್ತರ 2: ಸಾಮಾನ್ಯವಾಗಿ 14 ದಿನ ಮಾತ್ರೆ, 7 ದಿನ ಬಿಡುವು. ಅಂಗೈ, ಅಂಗಾಲು ಕೆಂಪಾಗಿ ಉರಿದು ಸಿಪ್ಪೆ ಏಳತೊಡಗಿದರೆ ಸಹಿಸಿಕೊಂಡು ಕೂರದೆ ಕೂಡಲೇ ವೈದ್ಯರಿಗೆ ತಿಳಿಸಿ. ಅಗತ್ಯವಿದ್ದರೆ ಡೋಸ್ ಇಳಿಸುತ್ತಾರೆ. ಆರಂಭಿಸುವ ಮುನ್ನ, ಈ ಔಷಧಿಯನ್ನು ದೇಹದಲ್ಲಿ ಒಡೆಯುವ ಡಿಪಿಡಿ ಕಿಣ್ವದ ಪರೀಕ್ಷೆಯ ಬಗ್ಗೆ ವಿಚಾರಿಸಿ, ಏಕೆಂದರೆ ಅದರ ತೀವ್ರ ಕೊರತೆಯಿದ್ದವರಿಗೆ ಈ ಔಷಧಿ ಪ್ರಾಣಾಪಾಯ ತರಬಲ್ಲದು.

ಉತ್ತರ 3: ಬಿಆರ್‌ಸಿಎ (ದೋಷವಿದ್ದರೆ ಸ್ತನ ಕ್ಯಾನ್ಸರ್ ಅಪಾಯ ಹೆಚ್ಚಿಸುವ) ಜೀನ್ ಪರೀಕ್ಷೆ ಆಗಿದೆಯೇ? ಅದರಲ್ಲಿ ದೋಷ ಕಂಡರೆ, ಅಂಥವರಿಗೆ ಕೊಡುವ ಓಲಪರಿಬ್ ಮಾತ್ರೆಯ ಬಗ್ಗೆಯೂ ಕೇಳಬಹುದು.